ಅರ್ಧ ಟ್ಯಾಂಕು

ಸ್ಪಿರಿಟ್ ಟ್ಯಾಂಕರ್ ಸೇತುವೆಯ ಕಟ್ಟೆಗೆ ಗುದ್ದಿ ಒಡೆದು, ಚಾಲಕ ಸುಟ್ಟುಹೋಗಿ ನಾಲ್ಕು ತಿಂಗಳಾಗಿತ್ತು. ಅತಿವೇಗವೇ ಕಾರಣವೆಂದು ಕಂಪನಿ ಕೈತೊಳೆದುಕೊಂಡಿತ್ತು. ಅವನ ಹೆಂಡತಿ ಹಟಕ್ಕೆ ಬಿದ್ದು ಕೋರ್ಟು ಹತ್ತಿದ್ದಳು. ಅಪಘಾತವನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡುವ ಕೆಲಸ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರಮ್ಮನ ಪಾಲಿಗೆ ಬಂದಿತ್ತು.

"ನೋಡಮ್ಮ, ಇದು ನಿಮ್ಮ ಯಜಮಾನರ ಗಾಡಿ. ವೇಗ ಬರೀ ನಲವತ್ತು," ಎಂದರು ಪ್ರೊಫೆಸರಮ್ಮ.

ಪರದೆಯ ಮೇಲೆ ಗಾಡಿ ಗುದ್ದಿತು. ಒಳಗಿನ ಸ್ಪಿರಿಟ್ ಅಲೆಯಾಗಿ ಎದ್ದು ಟ್ಯಾಂಕಿನ ಮುಂಭಾಗಕ್ಕೆ ಅಪ್ಪಳಿಸಿತು. ಬೆಸುಗೆಯ ಗೆರೆ ಒತ್ತಡ ತೋರಿಸುವ ಕೆಂಪು ಬಣ್ಣಕ್ಕೆ ತಿರುಗಿ, ಬಿರಿಯಿತು.

"ಹಂಗಾದ್ರೆ ನಮ್ಮನೆಯವರ ತಪ್ಪಿಲ್ಲ ಅಲ್ವಾ ಮೇಡಂ?"

"ಖಂಡಿತ ಇಲ್ಲ. ಟ್ಯಾಂಕು ಅರ್ಧ ಖಾಲಿ ಇತ್ತು, ಅದಕ್ಕೇ ಒಡೀತು. ಪೂರ್ತಿ ತುಂಬಿದ್ದಿದ್ರೆ ಅಲೆ ಏಳೋಕೆ ಜಾಗವೇ ಇರ್ತಿರ್ಲಿಲ್ಲ. ಇಲ್ನೋಡಿ."

ತುಂಬಿದ ಟ್ಯಾಂಕು ಅದೇ ವೇಗದಲ್ಲಿ ಅದೇ ಕಟ್ಟೆಗೆ ಗುದ್ದಿತು. ಒಡೆಯಲಿಲ್ಲ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪ್ರೊಫೆಸರಮ್ಮ ಸಮಾಧಾನದ ಅಳುವೆಂದುಕೊಂಡು ಪೆನ್ನು ತೆಗೆದರು.

"ಅರ್ಧಕ್ಕೇ ಹೊರಡು ಅಂತ ಅವರಿಗೆ ಹೇಳಿದ್ಯಾರು? ಸೂಪರ್‌ವೈಸರಾ? ಹೆಸರು ಹೇಳಿ, ವರದೀಲಿ ಬರೀತೀನಿ. ಅವರನ್ನ ಸುಮ್ನೆ ಬಿಡಬಾರದು."

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ಪಂಪು ನಿಧಾನ, ತುಂಬೋಕೆ ಇನ್ನೂ ಎರಡು ಗಂಟೆ ಆಯ್ತದೆ ಅಂತ ಫೋನ್ ಮಾಡಿದ್ರು ಮೇಡಂ. ಬಸ್ಸಾರು ಮಾಡಿದೀನಿ, ಮುದ್ದೆ ಆರೋಯ್ತದೆ, ಅರ್ಧ ಆಗಿದ್ರೆ ಸಾಕು ಬನ್ನಿ ಅಂದೆ."