ಎರಡೂ ಕಡೆಯ ಕಪ್ಪು ಚುಕ್ಕೆ

ಎರಡನೇ ಹಲ್ಲು ಕೀಳಿಸಿಕೊಳ್ಳಬೇಕಾದ ದಿನ ಇಂದುಬಾಯಿ ಡಾಕ್ಟರರ ಕುರ್ಚಿ ಹತ್ತಲಿಲ್ಲ. ಎಕ್ಸ್‌ರೇ ಹಾಳೆಯನ್ನು ಟೇಬಲ್ಲಿನ ಮೇಲೆ ಹರವಿ, ಜೊತೆಗೆ ಬಂದಿದ್ದ ಅಣ್ಣನ ಮಗಳು ಪ್ರಣಿತಾಳಿಗೆ, "ನನಗ ಹೇಳಿದ್ದು ಇವರಿಗೂ ಹೇಳು" ಅಂದಳು.

ಪ್ರಣಿತಾ ಹಲ್ಲಿನ ಡಾಕ್ಟರಕಿ ಓದುತ್ತಿದ್ದಳು, ಮೂರನೇ ವರ್ಷ. ಹಿಂದಿನ ದಿನ ಅತ್ತೆಯ ಊರು ಕುರನೂರಿಗೆ ಹೋದಾಗ ಈ ಹಾಳೆ ಅವಳ ಕಣ್ಣಿಗೆ ಬಿದ್ದಿತ್ತು. ಕೆಳದವಡೆಯ ಎಡಗಡೆ, ಒಂದು ಹಲ್ಲಿನ ಬೇರಿನ ತುದಿಗೆ ಕಪ್ಪು ಚುಕ್ಕೆ. ಅದು ಕೀವು, ಎಲುಬು ತಿನ್ನುತ್ತಿದೆ ಎಂದು ಸೋಲಾಪುರದ ಇದೇ ಡಾಕ್ಟರ್ ಯೋಗಿರಾಜ ಆ ಹಲ್ಲನ್ನು ಹೋದ ವಾರವೇ ಕಿತ್ತಿದ್ದರು. ನೋವು ಮಾತ್ರ ಹೋಗಿರಲಿಲ್ಲ. ಬಲಗಡೆಯೂ ಅದೇ ಜಾಗದಲ್ಲಿ ಅಂಥದೇ ಚುಕ್ಕೆಯಿತ್ತು. ಇವತ್ತು ಅದರ ಸರದಿ.

ಪ್ರಣಿತಾ ತಡವರಿಸುತ್ತಲೇ ಹೇಳಿದಳು. ಇದು ಕೀವಲ್ಲ, ತುಟಿಗೆ ಹೋಗುವ ನರ ಎಲುಬಿನಿಂದ ಹೊರಬರುವ ತೂತು. ಎಲ್ಲರಿಗೂ ಎರಡೂ ಕಡೆ ಇರುತ್ತದೆ. ಕೀವಾಗಿದ್ದರೆ ಬೇರಿನ ಸುತ್ತಲಿನ ಸಣ್ಣ ಬಿಳಿ ಗೆರೆ ಹರಿದಿರಬೇಕಿತ್ತು. ಇಲ್ಲಿ ಎಲ್ಲೂ ಹರಿದಿಲ್ಲ. ನೋಯುವುದು ಹಿಂದಿನ ಹುಳುಕು ಹಲ್ಲು, ಅದೂ ಇದೇ ಹಾಳೆಯಲ್ಲಿದೆ.

ಡಾಕ್ಟರ್ ಹಾಳೆಯ ಕಡೆ ನೋಡಲೇ ಇಲ್ಲ. ಮೊದಲು ಪರೀಕ್ಷೆ ಪಾಸಾಗು, ಆಮೇಲೆ ನನಗೆ ಕಲಿಸುವಿಯಂತೆ ಎಂದು ಪ್ರಣಿತಾಳಿಗೆ ಹೇಳಿ ಇಂದುಬಾಯಿಯ ಕಡೆ ತಿರುಗಿದರು. "ಮಾವಶಿ, ಹುಡುಗರ ಮಾತ ಕೇಳಿ ದವಡಿ ಕಳಕೋಬ್ಯಾಡ್ರಿ."

ಇಂದುಬಾಯಿ ಹಾಳೆಯನ್ನು ಅವರ ಮುಂದಕ್ಕೆ ಸರಿಸಿದಳು. "ಎಲ್ಲಾರಿಗೂ ಇರತದ ಅಂತಾಳ. ಹಂಗಾರ ನಿಮಗೂ ಇರಬೇಕಲ್ರಿ? ನಿಮ್ಮದೊಂದು ಫೋಟೋ ತಗೀರಿ, ನೋಡೂಣು."

ಡಾಕ್ಟರ್ ನಕ್ಕರು. ಹೊರಗೆ ಪೇಷಂಟ್‌ಗಳು ಕಾಯುತ್ತಿದ್ದಾರೆ ಎಂದು ಎದ್ದರು. ಇಂದುಬಾಯಿ ಬಾಗಿಲಿಗೆ ಅಡ್ಡ ನಿಂತಳು.

ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ನರ್ಸ್ ಛಾಯಾ ಕೂತಿದ್ದಳು. ನಾಲ್ಕು ವರ್ಷದಿಂದ ಅಲ್ಲೇ ಕೆಲಸ. ಅವಳು ಪರದೆಯನ್ನು ಇವರ ಕಡೆ ತಿರುಗಿಸಿದಳು. ಅದರ ಮೇಲೊಂದು ಪೂರ್ತಿ ದವಡೆ. ಹಲ್ಲುಗಳೆಲ್ಲ ಗಟ್ಟಿ. ಕೆಳಗೆ, ಎರಡೂ ಕಡೆ, ಒಂದೊಂದು ಕಪ್ಪು ಚುಕ್ಕೆ.

"ಯಾರದಿದು?" ಇಂದುಬಾಯಿ ಕೇಳಿದಳು.

"ಸರ್‌ದು," ಛಾಯಾ ತಲೆ ಎತ್ತದೆ ಹೇಳಿದಳು. "ಮಶೀನ ಬಂದ ದಿವಸ ಟ್ರಾಯಲ್‌ಕ್ಕ ತಗದಿದ್ವಿ."

ಅದನ್ನು ಬಂದ್ ಮಾಡು ಎಂದು ಡಾಕ್ಟರ್ ಗದರಿದರು. ಛಾಯಾ ಕೈ ಕಟ್ಟಿಕೊಂಡು ಕೂತಳು. ಡಾಕ್ಟರರ ದನಿ ತಗ್ಗಿತು. ಒಮ್ಮೊಮ್ಮೆ ಹೀಗಾಗುತ್ತದೆ, ಕಿತ್ತ ಜಾಗದಲ್ಲಿ ಒಳ್ಳೆಯ ಹಲ್ಲು ಕೂರಿಸಿಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದರು.

"ಬ್ಯಾಡ್ರಿ," ಅಂದಳು ಇಂದುಬಾಯಿ. "ಈ ಕಂಡಿ ಹಿಂಗ ಇರಲಿ."

ಹೊರಗೆ ಬೆಂಚಿನ ಮೇಲೆ ಮುದುಕಿಯೊಬ್ಬಳು ಎಕ್ಸ್‌ರೇ ಕವರನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಇಂದುಬಾಯಿ ಅವಳ ಪಕ್ಕಕ್ಕೆ ಹೋಗಿ ಕೂತು, ತನ್ನ ಕೆಳತುಟಿಯನ್ನು ಬೆರಳಿನಿಂದ ಜಗ್ಗಿ ಒಳಗಿನ ಕಂಡಿ ತೋರಿಸಿ ಕೇಳಿದಳು:

"ನಿನಗ ಯಾವ ಕಡಿ ಅಂದಾರವ್ವ?"