ಅಟ್ಟದ ಕಾಯಿ

"ಸೊಸೇಗೆ ಎಷ್ಟು ತಿಂಗಳಾಯ್ತು ಪುಟ್ಟಗಂಗಮ್ಮ?" ಮೊರ ಕೇಳಲು ಬಂದಿದ್ದ ಎದುರು ಮನೆಯ ಮಹಾಲಕ್ಷ್ಮಮ್ಮ ಹೊಸಿಲ ಬಳಿ ನಿಂತೇ ಕೇಳಿದರು.

"ಆರು" ಎಂದರು ಅತ್ತೆ.

ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದ ಬಿಂದುಶ್ರೀಯ ಕೈ ನಿಂತಿತು. ಹೋದ ತಿಂಗಳು ಅವರೆಕಾಯಿ ಬಿಡಿಸುವಾಗ ಯಾರೋ ಕೇಳಿದ್ದಕ್ಕೂ ಅತ್ತೆ ಆರು ಎಂದೇ ಹೇಳಿದ್ದರು. ಇವತ್ತು ಬೆಳಿಗ್ಗೆ ತುಮಕೂರಿನ ಡಾಕ್ಟರು ತಾಯಿ ಕಾರ್ಡಿನಲ್ಲಿ ಇಪ್ಪತ್ತೆಂಟು ವಾರ ಎಂದು ಬರೆದು, "ಇನ್ನು ಕೊನೇ ಮೂರು ತಿಂಗಳು. ಮಗು ದಿನಾ ಎಷ್ಟು ಸಲ ಒದೀತು ಅಂತ ಎಣಿಸ್ತಾ ಇರಿ" ಎಂದಿದ್ದರು. ಅತ್ತೆ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು. 

ಹೋದ ಸಲದ ಬಸಿರು ಈ ತಿಂಗಳು ದಾಟಿರಲಿಲ್ಲ. ಮೂರು ವರ್ಷದ ಹಿಂದೆ, ಏಳಕ್ಕೆ ಬಿದ್ದ ವಾರವೇ ಕೈತುಂಬ ಹಸಿರು ಬಳೆ ತೊಡಿಸಿದ್ದರು. ಅದಾದ ಐದನೇ ದಿನ, ಆಸ್ಪತ್ರೆಯಲ್ಲಿ, ನರ್ಸ್ ಸೋಪು ಹಚ್ಚಿ ಅವನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದ್ದಳು. ಈ ಸಲ ಮನೆಯಲ್ಲಿ ಬಳೆಯ ಮಾತೇ ಇಲ್ಲ. ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಫೋನ್ ಮಾಡಿದ್ದ ಗಂಡ ಗೋವಿಂದರಾಜು ಕೂಡ, "ಡಾಕ್ಟರ್ ಹತ್ರ ಹೋಗಿದ್ದು ಆಯ್ತಾ?" ಎಂದಷ್ಟೇ ಕೇಳಿ ಇಟ್ಟಿದ್ದ. ಯಾರಾದರೂ ಒಬ್ಬರು ಬಾಯಿಬಿಟ್ಟು ಏಳು ಎನ್ನಲಿ ಎಂದು ಅವಳಿಗೆ ಅನಿಸುತ್ತಿತ್ತು. ಹಾಗಂದರೆ ಈ ಮಗು ಬರುತ್ತದೆ ಎಂದು ಅವರು ನಂಬಿದಂತೆ.

ಮಹಾಲಕ್ಷ್ಮಮ್ಮ ಮೊರ ತೆಗೆದುಕೊಂಡು ಹೋದರು.

"ಅತ್ತೆ, ಏಳು ಬಿತ್ತು."

"ಉಂಡ್ಯಾ?"

"ಉಂಡೆ. ಏಳು ಅಂದೆ ನಾನು. ನಿಮಗೂ ಗೊತ್ತು. ಇದೂ ನಿಲ್ಲಲ್ಲ ಅಂದ್ಕೊಂಡಿದೀರಾ?"

ಪುಟ್ಟಗಂಗಮ್ಮ ಮೂಲೆಯಲ್ಲಿದ್ದ ಏಣಿಯನ್ನು ತಂದು ಅಟ್ಟಕ್ಕೆ ಒರಗಿಸಿದರು. "ಹಿಡ್ಕ. ನೀನು ಮಾತ್ರ ಹತ್ತಬ್ಯಾಡ" ಎಂದು ಸೀರೆ ಎತ್ತಿ ಸಿಕ್ಕಿಸಿ ಮೇಲೆ ಹೋದರು. ಕಾಯಿಗಳು ಒಂದಕ್ಕೊಂದು ತಾಗಿದ ಸದ್ದಾಯಿತು. ಸೆರಗಿನಲ್ಲಿ ಒಂದು ತೆಂಗಿನಕಾಯಿ ಕಟ್ಟಿಕೊಂಡು ಕೆಳಗಿಳಿದವರು ಅದನ್ನು ಸೊಸೆಯ ಕೈಗಿತ್ತರು.

"ಅಲ್ಲಾಡ್ಸು."

ಬಿಂದುಶ್ರೀ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು.

"ಗೌರಿ ಹಬ್ಬದ ಮಾರನೇ ದಿನ ಬಚ್ಚಲಲ್ಲಿ ವಾಂತಿ ಮಾಡ್ಕಂಡೆ ನೋಡು, ಅವತ್ತೇ ನಂಗೆ ಗೊತ್ತಾಯ್ತು. ನಿನ್ ಗಂಡಂಗೂ ಹೇಳಿರ್ಲಿಲ್ಲ ನೀನು. ಸಂಜೇಕೇ ತೋಟದ ಕಾಯಲ್ಲಿ ಐವತ್ತು ಆರ್ಸಿ ಮೇಲಿಟ್ಟೆ. ನೀರು ಬತ್ತಿ ಕೊಬ್ರಿ ಆಗಕ್ಕೆ ಎಂಟೊಂಬತ್ತು ತಿಂಗಳು ಬ್ಯಾಡ್ವಾ? ನಿನ್ ಬಾಣಂತನಕ್ಕೆ ಅಂಗ್ಡೀದು ತರ್ಲಾ, ಆ ಕಮಟು ವಾಸ್ನೇದ?"

ಬಿಂದುಶ್ರೀ ತಲೆಯೆತ್ತಿ ನೋಡಿದಳು. ಏಣಿಯ ಬುಡದಿಂದ ಅಟ್ಟದ ಅಂಚು ಕಾಣುತ್ತಿತ್ತು. ಹೊಸ ರಾಶಿಯ ಆಚೆ, ಗೋಡೆಯ ಮೂಲೆಯಲ್ಲಿ, ಗೋಣಿಚೀಲ ಹೊದಿಸಿದ ಇನ್ನೊಂದು ರಾಶಿ.

"ಅದ್ಯಾವುದು ಅತ್ತೆ, ಚೀಲದ ಕೆಳಗೆ?"

"ಹೋದ್ಸಲದ್ದು."

ಕೊಬ್ಬರಿ ವ್ಯಾಪಾರಿ ಕೆಂಪಯ್ಯ ಬಂದಾಗೆಲ್ಲ ಅತ್ತೆ ತಾವೇ ಅಟ್ಟ ಹತ್ತಿ ಕಾಯಿ ಉರುಳಿಸುತ್ತಿದ್ದರು. ಮೇಲಕ್ಕೆ ಆಳನ್ನೂ ಬಿಡುತ್ತಿರಲಿಲ್ಲ. ಹಟದ ಹೆಂಗಸು ಎಂದುಕೊಂಡಿದ್ದಳು ಬಿಂದುಶ್ರೀ.

"ಹುಳ ಬಿದ್ದಿರುತ್ತೆ."

"ಬಿದ್ದೈತೆ." ಪುಟ್ಟಗಂಗಮ್ಮ ಸೆರಗಿನ ಧೂಳು ಕೊಡವಿಕೊಂಡರು. ಆಮೇಲೆ, ಏಣಿಯನ್ನೇ ನೋಡುತ್ತ, "ಹೋದ್ಸಲ ಏಳು ಅಂತ ಊರಿಗೆಲ್ಲ ಸಾರ್ಕಂಡು ಬಂದೋಳು ನಾನೇ ಕಣಮ್ಮ" ಎಂದರು. ಅಡುಗೆಮನೆಗೆ ಹೋದರು.

ಬಿಂದುಶ್ರೀ ಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಳು. ಒಳಗೆ ಮಗು ಒದೆಯಿತು. ಬೆಳಗಿನಿಂದ ಎಣಿಸುತ್ತ ಬಂದಿದ್ದಳು. ಇದು ಎಷ್ಟನೆಯದೆಂದು ಈಗ ಮರೆತುಹೋಗಿತ್ತು.

ಸಂಜೆ ಮೊರ ಹಿಂದಕ್ಕೆ ಕೊಡಲು ಬಂದ ಮಹಾಲಕ್ಷ್ಮಮ್ಮ, ಅತ್ತೆ ಎದುರಿಗಿಲ್ಲದ್ದನ್ನು ನೋಡಿ ದನಿ ತಗ್ಗಿಸಿದರು. "ಏನೇ ಬಿಂದು, ನಿಮ್ಮತ್ತೆ ಆರು ಅಂತವ್ಳೆ. ನಾನೂ ನಾಲ್ಕು ಹೆತ್ತೋಳು ಕಣೇ, ಹೊಟ್ಟೆ ನೋಡಿದ್ರೆ ತಿಳಿಯಲ್ವಾ? ನಿಜ ಹೇಳು, ಏಳು ತಾನೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದಿರಲಿಲ್ಲ.

"ಆರೇ ದೊಡ್ಡಮ್ಮ" ಎಂದಳು ಬಿಂದುಶ್ರೀ. "ಹೊಟ್ಟೆ ಒಂಚೂರು ದೊಡ್ಡದು, ಅಷ್ಟೆ."

"ಹಂಗಾರೆ ಇನ್ನೂ ಟೈಮ್ ಐತೆ ಬುಡು" ಎಂದು ಮಹಾಲಕ್ಷ್ಮಮ್ಮ ಮೊರವನ್ನು ಗೋಡೆಗೆ ಒರಗಿಸಿ ಹೊರಟರು.

ಅವರು ಬೀದಿ ದಾಟುವವರೆಗೂ ಕಾದು ಅತ್ತೆ ಹೊರಗೆ ಬಂದರು. ಸೊಸೆಯ ಮುಖ ನೋಡಲಿಲ್ಲ.

"ಏಣಿ ಹಿಡ್ಕ ಬಾ" ಎಂದರು. "ಕಾಯಿ ಮೇಲಿಡ್ಬೇಕು. ಇನ್ನೂ ನೀರೈತೆ."