ಒಂದು ಮೊಳೆ ಖಾಲಿ ಇದೆ

"ಆ ಕೊಳಲಿನವನಾ? ಅವನು ಊದಿದ್ದು ಕೊಳಲಲ್ಲ ಕಣೋ, ಒಲೆ!" ಎಂದು ಮಾವ ಬೆಂಚಿನ ಮೇಲಿಂದ ಗುಡುಗಿದ್ದಕ್ಕೆ, ಅಳಿಯನ ಕೈಯಲ್ಲಿದ್ದ ರೇಜರ್ ಗಡ್ಡಕ್ಕೆ ಬಂದು ಕೂತಿದ್ದ ದರ್ಜಿಯ ಕೆನ್ನೆಯ ಮೇಲೆ ಅರ್ಧದಲ್ಲೇ ನಿಂತಿತು.

ಆ ಕಟಿಂಗ್ ಶಾಪಿನ ಕನ್ನಡಿಯ ಮೇಲಿದ್ದದ್ದು 'ದೊಡ್ಡವರ ಗೋಡೆ'. ಅಳಿಯ ಮೆಚ್ಚಿದ ಸಂಗೀತಗಾರರೆಲ್ಲ ಅಲ್ಲಿ ಫೋಟೊಗಳಾಗಿ, ಕಟ್ಟು ಹಾಕಿಸಿಕೊಂಡು ಸಾಲಾಗಿ ಕೂತಿದ್ದರು. ಇನ್ನು ಉಳಿದಿದ್ದು ಒಂದೇ ಮೊಳೆ. ಯಾರ ಹೆಸರೆತ್ತಿದರೂ ಮಾವ ಒಪ್ಪುತ್ತಿರಲಿಲ್ಲ. ಪಿಟೀಲಿನವನಿಗೆ ತಾಳವಿಲ್ಲ, ಹಾಡುವಾಕೆಗೆ ಉಸಿರಿಲ್ಲ, ತಬಲದವನಿಗಂತೂ ಕೈಗಿಂತ ತಲೆಯೇ ಜಾಸ್ತಿ ಆಡುತ್ತಿತ್ತು.

"ಹಾಗಾದ್ರೆ ಯಾರನ್ನ ಹಾಕ್ಲಿ? ನೀವೇ ಹೇಳಿ ಮಾವ."

ಮಾವ ಕೆಮ್ಮಿದರು. ಸೂರು ನೋಡಿದರು. "ಅಲ್ಲ, ಈ ಬೀದೀಲಿ ಕ್ಲಾರಿನೆಟ್ ನುಡಿಸೋರು ಯಾರೂ ಇಲ್ವೇನೋ ಅಂತ..."

ಬೀದಿಗೆಲ್ಲ ಇದ್ದದ್ದು ಒಂದೇ ಕ್ಲಾರಿನೆಟ್. ಅದೂ ಅಂಗಡಿಯ ಮೇಲಿನ ಕೋಣೆಯಲ್ಲಿ, ಮಾವನ ಮಂಚದ ಕೆಳಗೆ. ದರ್ಜಿ ನೊರೆಯೊಳಗೇ ನಕ್ಕ.

"ಬದುಕಿರೋರನ್ನ ಹಾಕಲ್ಲ ಮಾವ. ಆ ಗಾಯಕನ್ನ ಹಾಕಿ ನಾನು ಪಟ್ಟ ಪಾಡು ಮರೆತ್ರಾ? ವಾರ ಕಳೆಯೋದ್ರೊಳಗೆ ಚಪ್ಪಲಿ ಜಾಹೀರಾತಿಗೆ ಹಾಡಿದ. ಗಿರಾಕಿಗಳು ನನ್ನ ಮುಖ ನೋಡಿ ನಗೋರು. ಸತ್ತೋರಾದ್ರೆ ಆ ಭಯ ಇಲ್ಲ, ಅಪಸ್ವರ ನುಡಿಸಲ್ಲ."

"ಅಂದ್ರೆ ನಾನು ಸಾಯ್ಬೇಕು ಅನ್ನು."

"ಬಿಡ್ತು ಅನ್ನಿ!"

ಒಳಗಿಂದ ಬಿಸಿನೀರು ತಂದ ಹೆಂಡತಿ ತಂಬಿಗೆಯನ್ನು ಠಕ್ಕನೆ ಇಟ್ಟಳು. "ರೀ, ಗೋಡೆ ನಿಮ್ದೇ ಇರಬಹುದು, ಅಪ್ಪ ನನ್ನೋರು. ಏನಾದ್ರೂ ದಾರಿ ಹುಡುಕಿ. ಇಲ್ಲಾಂದ್ರೆ ನಾಳೆಯಿಂದ ನೀರು ನೀವೇ ಕಾಯಿಸ್ಕೊಳ್ಳಿ."

ಅಳಿಯ ರೇಜರ್ ಒರೆಸುತ್ತ ಯೋಚಿಸಿದ. "ಸರಿ. ಇನ್ಮೇಲೆ ಕ್ಲಾರಿನೆಟ್ ಮುಟ್ಟಲ್ಲ ಅಂತ ಮಾತು ಕೊಡಿ. ನುಡಿಸಿದ್ರೆ ತಾನೇ ಅಪಸ್ವರ? ಈಗಲೇ ಹಾಕ್ತೀನಿ."

ಮಾವ ಮಾತು ಕೊಟ್ಟೇಬಿಟ್ಟರು. ಫೋಟೊ ಹುಡುಕುವ ಕಷ್ಟವೂ ಬರಲಿಲ್ಲ. ಕಟ್ಟು ಹಾಕಿಸಿದ್ದು ಬೆಂಚಿನ ಕೆಳಗಿನ ಚೀಲದಲ್ಲಿ ಎಂದಿನಿಂದಲೋ ಕಾಯುತ್ತಿತ್ತು.

ಮೊದಮೊದಲು ಮಾವ ಬೆಳಗಾಗುತ್ತಲೇ ಅಂಗಡಿಗಿಳಿದು, ಬಂದವರಿಗೆಲ್ಲ ಗೋಡೆ ತೋರಿಸಿದರು. ಆಮೇಲೆ ಮಾತು ಕಡಿಮೆಯಾಯಿತು. ಊಟ ಅರ್ಧಕ್ಕೇ ಸಾಕಾಯಿತು. ಬೆರಳುಗಳು ಮಾತ್ರ ಬೆಂಚಿನ ಅಂಚಿನ ಮೇಲೆ ಇಲ್ಲದ ತೂತುಗಳನ್ನು ಮುಚ್ಚುತ್ತ, ತೆರೆಯುತ್ತ ಇದ್ದವು.

ದರ್ಜಿ ಮತ್ತೆ ಗಡ್ಡಕ್ಕೆ ಬಂದ ದಿನ ಬೆಂಚು ಖಾಲಿಯಿತ್ತು. ಒಂದು ಕೆನ್ನೆ ಮುಗಿದಿತ್ತಷ್ಟೆ, ಮೇಲಿನ ಕೋಣೆಯಿಂದ ಒಂದು ಸ್ವರ ಕಳ್ಳನ ಹಾಗೆ ಮೆಲ್ಲಗೆ ಇಳಿಯಿತು. ಹಿಂದೆಯೇ ಇಡೀ ರಾಗ ಧಾವಿಸಿ ಬಂತು. ತುತ್ತತುದಿಗೆ ಹೋದಾಗ ಉಸಿರು ಸಾಲದೆ ಜಾರಿ, ಕೀಚೆಂದಿತು.

"ಅಪಸ್ವರ," ಎಂದ ಅಳಿಯ. ಆದರೆ ರೇಜರ್ ಇನ್ನೂ ಗಾಳಿಯಲ್ಲೇ ಇತ್ತು. ರಾಗ ಮುಗಿಯುವವರೆಗೂ ಯಾರೂ ಅಲುಗಾಡಲಿಲ್ಲ. ಆಮೇಲೆ ಅವನು ಸ್ಟೂಲು ಹತ್ತಿ, ಮಾವನ ಫೋಟೊವನ್ನು ಮೆಲ್ಲಗೆ ಇಳಿಸಿ, ಅಂಗಿಯಿಂದ ಧೂಳು ಒರೆಸಿದ.

ಕ್ಲಾರಿನೆಟ್ ಹಿಡಿದುಕೊಂಡೇ ಕೆಳಗೆ ಬಂದ ಮಾವ ಖಾಲಿ ಮೊಳೆಯನ್ನೊಮ್ಮೆ ನೋಡಿದರು.

"ಏನ್ಮಾಡೋಣ ಮಾವ?"

"ಇರ್ಲಿ ಬಿಡು, ನನಗೇನೂ ಆತುರ ಇಲ್ಲ," ಎಂದು ಅವರು ಬೆಂಚಿನ ಮೇಲೆ ಕೂತರು. "ಆದ್ರೆ ಆ ಕೊಳಲಿನವನನ್ನ ಮಾತ್ರ ಹಾಕ್ಬೇಡ."